ಫೋಟೊ ಮೇಲ್‌ನೊಳಗೆ ಕೂರಬೇಕಾದರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ರಾಜ್ಯೋತ್ಸವ ಮುಗಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಫೋಟೊ ಕಳಿಸುವ ತಾಪತ್ರಯದವೇ. ಹಾಗಾಗಿ ಈ ಸಲದ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಸಂಘದ ರಾಜ್ಯೋತ್ಸವದ ಐದು ಫೋಟೊಗಳನ್ನು ಜಿಮೇಲ್‌ನಲ್ಲಿ ಬರಹದ ನಡುವೆಯೇ ಹಾಕಿ ಸದಸ್ಯರಿಗೆಲ್ಲ ಕಳಿಸಿದೆ. ದೊಡ್ಡದಾಗಿ ಕಂಡದ್ದರಿಂದ ಮೂಲೆ ಹಿಡಿದು ಎಳೆದು ಚಿಕ್ಕದು ಮಾಡಿಯೇ ಕಳಿಸಿದ್ದು. ಆದರೂ ಮೇಲ್ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ ಅನ್ನುತ್ತಾರೆ. ಹೋದ ವರ್ಷ ಎಳೆಯದೆ ಕಳಿಸಿದಾಗ ಒಬ್ಬರಿಗೆ ದೀಪ ಹಚ್ಚುವ ಕೈ ಮಾತ್ರ ಕಂಡಿತ್ತಂತೆ. ಸರಿಯಾದ ಕ್ರಮ ಯಾವುದು?
– ಓದುಗರು, ಡೊಂಬಿವಲಿ

ಉತ್ತರ: ಮೂಲೆ ಎಳೆದಾಗ ಚಿಕ್ಕದಾದದ್ದು ನೋಟ ಮಾತ್ರ. ‘ಇದನ್ನು ಇಷ್ಟು ಅಗಲಕ್ಕೆ ತೋರಿಸು’ ಎಂಬ ಸೂಚನೆಯೊಂದನ್ನು ಜಿಮೇಲ್ ಬರೆದುಕೊಳ್ಳುತ್ತದೆ, ಅಷ್ಟೇ. 4 ಎಂಬಿಯ ಫೈಲು 4 ಎಂಬಿಯಾಗಿಯೇ ಹೊರಡುತ್ತದೆ. ಫೋಟೊದ ಮೇಲೆ ಕ್ಲಿಕ್ ಮಾಡಿದರೆ ಬರುವ ‘ಸ್ಮಾಲ್’, ‘ಬೆಸ್ಟ್ ಫಿಟ್’, ‘ಒರಿಜಿನಲ್ ಸೈಜ್’ ಕೂಡ ಇದೇ ಜಾತಿ. ಸೀರೆಯನ್ನು ಎಷ್ಟು ಮಡಚಿದರೂ ತಕ್ಕಡಿಯಲ್ಲಿ ತೂಗುವುದು ಅಷ್ಟೇ ತಾನೆ?

ಇಲ್ಲಿ ಎರಡು ಲೆಕ್ಕಗಳಿವೆ, ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಗೊಂದಲವೇ ಇಲ್ಲ. ಒಂದು ಪಿಕ್ಸೆಲ್: ಫೋಟೊ ಎಷ್ಟು ಚುಕ್ಕೆ ಅಗಲ, ಎಷ್ಟು ಚುಕ್ಕೆ ಎತ್ತರ ಎಂಬುದು. ಪರದೆಯ ಮೇಲೆ ಎಷ್ಟು ಜಾಗ ಹಿಡಿಯುತ್ತದೆ ಎನ್ನುವುದನ್ನು ಇದು ಹೇಳುತ್ತದೆ. ಇನ್ನೊಂದು ಕೆಬಿ ಅಥವಾ ಎಂಬಿ, ಅಂದರೆ ಫೈಲಿನ ತೂಕ. ಮೇಲ್ ತೆರೆಯಲು ಹಿಡಿಯುವ ಹೊತ್ತು ಇದರದ್ದು.

12 ಮೆಗಾಪಿಕ್ಸೆಲ್‌ನ ಫೋನು ತೆಗೆಯುವ ಫೋಟೊ ಸುಮಾರು 4000 ಪಿಕ್ಸೆಲ್ ಅಗಲ, 3000 ಎತ್ತರ. ಹಳೆಯ ಲ್ಯಾಪ್‌ಟಾಪಿನ ಪರದೆ 1366 × 768. ಕುಗ್ಗಿಸದೆ ತೋರಿಸಿದರೆ ಒಂದು ಹೊತ್ತಿಗೆ ಫೋಟೊದ ಹನ್ನೊಂದನೇ ಒಂದು ಪಾಲೂ ಕಾಣುವುದಿಲ್ಲ. ನಿಮ್ಮ ಸದಸ್ಯರಿಗೆ ಕೈ ಮಾತ್ರ ಕಂಡದ್ದು ಹೀಗೆ. ಜಿಮೇಲ್‌ನಲ್ಲಿ ನೋಡುವವರಿಗೆ ದೊಡ್ಡ ಫೋಟೊ ಸಾಮಾನ್ಯವಾಗಿ ಕಿಟಕಿಯ ಅಗಲಕ್ಕೆ ತಾನಾಗಿ ಒಗ್ಗಿಕೊಳ್ಳುತ್ತದೆ. ಕಚೇರಿಗಳಲ್ಲಿರುವ, ಮೇಲ್ ಓದುವ ತಂತ್ರಾಂಶವಾದ ಹಳೆಯ ಮಾದರಿಯ ಔಟ್‌ಲುಕ್‌ಗೆ ಆ ಜಾಣತನ ಇಲ್ಲ. 2007ರ ಆವೃತ್ತಿಯಿಂದ ಅದು ಮೇಲನ್ನು ವರ್ಡ್‌ನ ಯಂತ್ರದಿಂದಲೇ ತೋರಿಸುತ್ತದೆ. ‘ಕಿಟಕಿಯ ಅಗಲ ಮೀರಬೇಡ’ ಎಂಬ ಸೂಚನೆ ಅದಕ್ಕೆ ತಲುಪುವುದೇ ಇಲ್ಲ. ನೀವು ಕಳಿಸಿದ ಅಗಲವೇ ಅದಕ್ಕೆ ವೇದವಾಕ್ಯ.

ಆದ್ದರಿಂದ ಕುಗ್ಗಿಸುವ ಕೆಲಸ ಮೇಲ್‌ಗೆ ಹಾಕುವ ಮೊದಲೇ ಮುಗಿಯಬೇಕು. ವಿಂಡೋಸ್ 11 ಇದ್ದರೆ ‘ಫೋಟೋಸ್’ ಆ್ಯಪ್‌ನಲ್ಲಿ ಚಿತ್ರ ತೆರೆಯಿರಿ. ಮೇಲಿರುವ ಮೂರು ಚುಕ್ಕೆ ಒತ್ತಿ ‘ರೀಸೈಜ್ ಇಮೇಜ್’ ಆರಿಸಿ. ಅಗಲದ ಜಾಗದಲ್ಲಿ 800 ಎಂದು ಬರೆದರೆ ಎತ್ತರ ತಾನಾಗಿ 600 ಆಗುತ್ತದೆ. ಆಗದಿದ್ದರೆ ಎರಡು ಅಂಕಿಗಳ ನಡುವಿನ ಸರಪಳಿಯ ಗುರುತು ಬಿಚ್ಚಿಕೊಂಡಿದೆ ಎಂದರ್ಥ, ಮತ್ತೆ ಹಾಕಿಕೊಳ್ಳಿ, ಇಲ್ಲವಾದರೆ ಅತಿಥಿಗಳೆಲ್ಲ ಉದ್ದ ಮುಖದವರಾಗುತ್ತಾರೆ. ಕ್ವಾಲಿಟಿಯ ಗುಂಡಿಯನ್ನು 80ರ ಹತ್ತಿರ ನಿಲ್ಲಿಸಿ. ಹಳೆಯ ತೂಕ, ಹೊಸ ತೂಕ ಎರಡನ್ನೂ ಅದೇ ಪೆಟ್ಟಿಗೆ ತೋರಿಸುತ್ತದೆ. ಹೊಸ ಹೆಸರು ಕೊಟ್ಟು ಸೇವ್ ಮಾಡಿ.

ಹಳೆಯ ವಿಂಡೋಸ್ ಆದರೆ ಪೇಂಟ್ ಸಾಕು. ಕಂಟ್ರೋಲ್ ಮತ್ತು ಡಬ್ಲ್ಯು ಒಟ್ಟಿಗೆ ಒತ್ತಿ, ‘ಪಿಕ್ಸೆಲ್ಸ್’ ಆರಿಸಿ, 800 ಬರೆಯಿರಿ. ಪೇಂಟ್‌ನಲ್ಲಿ ಕ್ವಾಲಿಟಿ ಹೊಂದಿಸುವ ಗುಂಡಿ ಇಲ್ಲ, ಆದರೂ ಮೇಲ್‌ಗೆ ಆಗುವಷ್ಟು ಚೆನ್ನಾಗಿಯೇ ಬರುತ್ತದೆ. ಎಚ್ಚರಿಕೆ ಒಂದೇ: ಅಭ್ಯಾಸಬಲದಿಂದ ಕಂಟ್ರೋಲ್ ಮತ್ತು ಎಸ್ ಒತ್ತಿದಿರೋ, ಮೂಲ ಫೋಟೊ ಅಳಿದು ಚಿಕ್ಕದು ಅದರ ಜಾಗದಲ್ಲಿ ಕೂರುತ್ತದೆ. ಯಾವಾಗಲೂ ‘ಸೇವ್ ಆ್ಯಸ್’.

800 ಯಾಕೆ? ಮೇಲ್‌ನಲ್ಲಿ ಓದುವ ಭಾಗದ ಅಗಲ ಸಾಮಾನ್ಯವಾಗಿ 600ರಿಂದ 800 ಪಿಕ್ಸೆಲ್. ಕಂಪನಿಗಳು ಕಳಿಸುವ ಸುದ್ದಿಪತ್ರಗಳನ್ನು ಹೆಚ್ಚಾಗಿ 600ಕ್ಕೇ ಕೂರಿಸಿರುತ್ತಾರೆ. ಅಗಲ ಅರ್ಧವಾದರೆ ಚುಕ್ಕೆಗಳ ಸಂಖ್ಯೆ ಕಾಲು ಭಾಗವಾಗುತ್ತದೆ. 4000ದಿಂದ 800ಕ್ಕೆ ಇಳಿಸಿದರೆ ಇಪ್ಪತ್ತೈದರಲ್ಲಿ ಒಂದು ಪಾಲು. 4 ಎಂಬಿಯ ಫೋಟೊ ನೂರು–ಇನ್ನೂರು ಕೆಬಿಗೆ ಬರುವುದು ಇದರಿಂದ. ಕ್ವಾಲಿಟಿಯನ್ನು 30ಕ್ಕೋ 40ಕ್ಕೋ ಇಳಿಸಿ ಅಗಲ 4000 ಹಾಗೇ ಉಳಿಸಿಕೊಳ್ಳುವವರಿದ್ದಾರೆ. ಅದು ಹಿಂದುಮುಂದಾದ ಕೆಲಸ: ಮುಖದ ಮೇಲೆ ಚೌಕಚೌಕವಾದ ಕಲೆಗಳು ಏಳುತ್ತವೆ, ಫೋಟೊ ಪರದೆಯ ಆಚೆ ಹೋಗುವುದೂ ತಪ್ಪುವುದಿಲ್ಲ. ಮೊದಲು ಅಗಲ, ಆಮೇಲೆ ಕ್ವಾಲಿಟಿ.

ನಿಂತ ಫೋಟೊಗೆ ಲೆಕ್ಕ ಬೇರೆ. ಅಗಲ 800 ಇಟ್ಟರೆ ಎತ್ತರ 1067 ಆಗುತ್ತದೆ, ಸನ್ಮಾನಿತರ ಪೇಟ ಕಂಡರೆ ಹಾರ ಕಾಣದು. ಅಂಥದಕ್ಕೆ ಎತ್ತರವನ್ನು 600ಕ್ಕೆ ಕಟ್ಟಿ, ಅಗಲ 450 ಆಗಲಿ.

ಇಷ್ಟಾದ ಮೇಲೆ ಜಿಮೇಲ್‌ನಲ್ಲಿ ಫೋಟೊ ಎಲ್ಲಿ ಬೇಕೋ ಅಲ್ಲಿ ಕರ್ಸರ್ ಇಟ್ಟು, ಕೆಳಗಿನ ಸಾಲಿನಲ್ಲಿರುವ ಚಿತ್ರದ ಗುರುತು ಒತ್ತಿ, ‘ಇನ್‌ಲೈನ್’ ಆರಿಸಿ ಹಾಕಿ. ಎರಡು ಫೋಟೊಗಳ ನಡುವೆ ಒಂದು ಎಂಟರ್ ಹೊಡೆಯಲೇಬೇಕು; ಇಲ್ಲವಾದರೆ ನಿಮ್ಮ ಪರದೆಯಲ್ಲಿ ಅಕ್ಕಪಕ್ಕ ಕೂತದ್ದು ಫೋನಿನಲ್ಲಿ ಹೇಗೆ ಕೂರುತ್ತದೋ ಹೇಳಲಾಗದು. ‘ಇನ್‌ಲೈನ್’ ಆಯ್ಕೆಯೇ ಕಾಣದಿದ್ದರೆ, ಬರೆಯುವ ಪೆಟ್ಟಿಗೆಯ ಮೂರು ಚುಕ್ಕೆ ಒತ್ತಿ ‘ಪ್ಲೇನ್ ಟೆಕ್ಸ್ಟ್ ಮೋಡ್’ಗೆ ಟಿಕ್ ಬಿದ್ದಿದೆಯೇ ನೋಡಿ. ಬರೀ ಅಕ್ಷರದ ಮೇಲ್‌ನಲ್ಲಿ ಫೋಟೊಗೆ ಜಾಗವಿಲ್ಲ.

ಪ್ರಶ್ನೆ: ನಮ್ಮ ಕಚೇರಿಯ ಮೇಲ್‌ಗೆ 10 ಎಂಬಿ ಮಿತಿ. ಒಟ್ಟು 8 ಎಂಬಿಯ ಫೋಟೊ ಹಾಕಿದರೂ ‘ತುಂಬಾ ದೊಡ್ಡದು’ ಎಂದು ವಾಪಸ್ ಬರುತ್ತದೆ. ಮಿತಿಯೊಳಗೇ ಇದೆಯಲ್ಲ?
– ಓದುಗರು, ಅಂಧೇರಿ

ಉತ್ತರ: ಇಲ್ಲ, ದಾಟಿದೆ. ಮೇಲ್ ವ್ಯವಸ್ಥೆ ಹುಟ್ಟಿದ್ದು ಬರೀ ಅಕ್ಷರ ಸಾಗಿಸಲು. ಫೋಟೊ, ಹಾಡು, ಪಿಡಿಎಫ್ ಏನೇ ಇರಲಿ, ಅಕ್ಷರದ ವೇಷ ಹಾಕಿಕೊಂಡೇ ಹೊರಡಬೇಕು. 1992ರಲ್ಲಿ ಬಂದ ಮೈಮ್ ಎಂಬ ಕಟ್ಟಳೆಯ ಪ್ರಕಾರ ಫೈಲಿನ ಪ್ರತಿ 3 ಬೈಟನ್ನು 4 ಅಕ್ಷರವಾಗಿ ಬರೆಯುತ್ತಾರೆ; ಇದಕ್ಕೆ ಬೇಸ್64 ಎಂದು ಹೆಸರು. ಅಂದರೆ ದಾರಿಯಲ್ಲಿ ತೂಕ ಮೂರನೇ ಒಂದು ಪಾಲು ಏರುತ್ತದೆ. ನಿಮ್ಮ 8 ಎಂಬಿ ಸರ್ವರ್ ಮುಟ್ಟುವಾಗ ಹತ್ತೂವರೆ ಎಂಬಿ ದಾಟಿರುತ್ತದೆ. 10 ಎಂಬಿ ಮಿತಿಗೆ ಏಳು, ಹೆಚ್ಚೆಂದರೆ ಏಳೂಕಾಲು ಎಂಬಿ ತುಂಬಿ. ಮೇಲಿನ ಉತ್ತರದಂತೆ ಕುಗ್ಗಿಸಿದರೆ ಈ ಲೆಕ್ಕದ ಗೊಡವೆಯೇ ಬೇಡ.

ಪ್ರಶ್ನೆ: ಒಂದೊಂದಾಗಿ ಕುಗ್ಗಿಸುವುದು ಬೇಸರ. ನಲವತ್ತು ಫೋಟೊಗಳನ್ನು ಒಟ್ಟಿಗೆ ಮಾಡುವುದು ಹೇಗೆ?
– ಓದುಗರು, ಕೋಥ್ರುಡ್, ಪುಣೆ

ಉತ್ತರ: ವಿಂಡೋಸ್‌ನಲ್ಲಿ ನಮ್ಮ ಮೊದಲ ಆಯ್ಕೆ ಮೈಕ್ರೋಸಾಫ್ಟ್‌ನದೇ ಉಚಿತ ‘ಪವರ್‌ಟಾಯ್ಸ್’. ಅದರಲ್ಲಿ ‘ಇಮೇಜ್ ರೀಸೈಜರ್’ ಎಂಬುದೊಂದು ಸೇರಿದೆ. ಹಾಕಿಕೊಂಡ ಮೇಲೆ ಫೋಲ್ಡರಿನಲ್ಲಿ ಫೋಟೊಗಳನ್ನೆಲ್ಲ ಆರಿಸಿ ರೈಟ್ ಕ್ಲಿಕ್ ಮಾಡಿದರೆ ಅದು ಮೆನುವಿನಲ್ಲಿ ಕಾಣುತ್ತದೆ. ‘ಕಸ್ಟಮ್’ ಆರಿಸಿ 800 × 600 ಕೊಡಿ. ‘ಚಿಕ್ಕದು ಮಾಡು, ದೊಡ್ಡದು ಮಾಡಬೇಡ’ ಎಂಬರ್ಥದ ಚೌಕಕ್ಕೆ ಟಿಕ್ ಇರಲಿ. ‘ಮೂಲವನ್ನೇ ಬದಲಿಸು’ ಎಂಬರ್ಥದ್ದಕ್ಕೆ ಖಂಡಿತ ಬೇಡ. ‘ಓರಿಯೆಂಟೇಶನ್’ (ಫೋಟೊ ಅಡ್ಡದ್ದೋ ನಿಂತದ್ದೋ ಎಂಬುದು) ಗಮನಿಸಬೇಡ ಎನ್ನುವ ಟಿಕ್ ಇದ್ದರೆ ನಿಂತ ಫೋಟೊಗಳಿಗೆ 800 ಎತ್ತರದ ಮಿತಿಯಾಗುತ್ತದೆ. ತೆಗೆದರೆ ಅವೂ 600 ಎತ್ತರದೊಳಗೆ ಕೂರುತ್ತವೆ. ಹೊಸ ಪ್ರತಿಗಳು ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನಲ್ಲಿ ಬಂದು ಬೀಳುತ್ತವೆ.

ಬೇರೆ ಫೋಲ್ಡರಿಗೇ ಹೋಗಬೇಕು, ಕ್ವಾಲಿಟಿಯೂ ಕೈಯಲ್ಲಿರಬೇಕು ಎನ್ನುವವರಿಗೆ ಇರ್ಫಾನ್‌ವ್ಯೂ. ತೆರೆದು ಬಿ ಕೀಲಿ ಒತ್ತಿದರೆ ಹಲವು ಫೋಟೊಗಳನ್ನು ಒಟ್ಟಿಗೆ ಬದಲಿಸುವ ‘ಬ್ಯಾಚ್’ ಕಿಟಕಿ ಬರುತ್ತದೆ. ಫೈಲಿನ ರೂಪ ಜೆಪಿಜಿ ಎಂದು ಆರಿಸಿ, ಪಕ್ಕದ ‘ಆಪ್ಶನ್ಸ್’ನಲ್ಲಿ ಕ್ವಾಲಿಟಿ 80 ಮಾಡಿ, ‘ಅಡ್ವಾನ್ಸ್ಡ್’ ಒಳಗೆ ಹೋಗಿ ಉದ್ದದ ಬದಿಯನ್ನು 800ಕ್ಕೆ ಹೊಂದಿಸಿ, ಹೊಸ ಫೋಲ್ಡರಿನ ದಾರಿ ತೋರಿಸಿ ‘ಸ್ಟಾರ್ಟ್’ ಒತ್ತಿದರೆ ಆಯಿತು. ಮನೆಬಳಕೆಗೆ ಇದು ಉಚಿತ.

ಮ್ಯಾಕ್‌ನವರು ‘ಪ್ರಿವ್ಯೂ’ದಲ್ಲಿ ಎಲ್ಲವನ್ನೂ ಒಟ್ಟಿಗೆ ತೆರೆದು, ಪಕ್ಕದ ಪಟ್ಟಿಯಲ್ಲಿ ಎಲ್ಲವನ್ನೂ ಆರಿಸಿ, ‘ಟೂಲ್ಸ್’ನ ‘ಅಡ್ಜಸ್ಟ್ ಸೈಜ್’ ಬಳಸಬಹುದು. ಆದರೆ ಪ್ರಿವ್ಯೂ ಕೇಳದೆಯೇ ಮೂಲದ ಮೇಲೆ ಸೇವ್ ಮಾಡಿಬಿಡುತ್ತದೆ. ಫೋಲ್ಡರಿನ ಒಂದು ನಕಲು ಮಾಡಿಕೊಂಡು ನಕಲಿನ ಮೇಲೆ ಕೈಯಾಡಿಸಿ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇವೆ. ನಲವತ್ತನ್ನೂ ಮೇಲ್‌ನೊಳಗೆ ಹಾಕಬೇಡಿ. ಮೂವತ್ತನೆಯ ಫೋಟೊದವರೆಗೆ ಬೆರಳಾಡಿಸುವ ತಾಳ್ಮೆ ಆ ಫೋಟೊದಲ್ಲಿ ಇರುವವರಿಗೆ ಮಾತ್ರ ಇರುತ್ತದೆ. ನಾಲ್ಕೈದು ಒಳಗಿರಲಿ, ಉಳಿದದ್ದಕ್ಕೆ ಹಂಚಿಕೆಯ ಆಲ್ಬಮ್‌ನ ಕೊಂಡಿ ಕೊಡಿ. ಕೊಂಡಿ ಇರುವ ಯಾರಾದರೂ ನೋಡಬಹುದು ಎಂದು ಅನುಮತಿ ಕೊಟ್ಟಿದ್ದೀರಾ ಎಂಬುದನ್ನು ಕಳಿಸುವ ಮುನ್ನ ನೋಡಿಕೊಳ್ಳಿ. ಇಲ್ಲವಾದರೆ ಮಾರನೆಯ ದಿನವೆಲ್ಲ ‘ಅನುಮತಿ ಕೊಡಿ’ ಎಂಬ ಕೋರಿಕೆಗಳಿಗೆ ಉತ್ತರಿಸುತ್ತ ಕೂರಬೇಕಾಗುತ್ತದೆ.

ಪ್ರಶ್ನೆ: ನಾಟಕದ ಆಮಂತ್ರಣ ಪತ್ರಿಕೆಯನ್ನು ಮುದ್ರಣಾಲಯದವರಿಂದ ತರಿಸಿಕೊಂಡು 600 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ ಮೇಲ್‌ನಲ್ಲಿ ಹಾಕಿದೆ. ಶೀರ್ಷಿಕೆ ಬಿಟ್ಟರೆ ಉಳಿದ ಕನ್ನಡ ಓದಲಿಕ್ಕೇ ಬರುವುದಿಲ್ಲ. ಅದೇ ಪತ್ರಿಕೆಯಲ್ಲಿರುವ ಇಂಗ್ಲಿಷ್ ವಿಳಾಸ ಹೇಗೋ ಓದಬಹುದು.
– ಓದುಗರು, ಮಾಟುಂಗಾ

ಉತ್ತರ: ಒಳ್ಳೆಯ ಪ್ರಶ್ನೆ, ಕನ್ನಡದವರೇ ಕೇಳಬೇಕಾದದ್ದು. ಎ4 ಹಾಳೆಯನ್ನು ಮುದ್ರಣಕ್ಕೆಂದು ಇಂಚಿಗೆ 300 ಚುಕ್ಕೆಯಂತೆ ತಯಾರಿಸಿದರೆ ಅದು 2480 × 3508 ಪಿಕ್ಸೆಲ್. ಅದರಲ್ಲಿ 12 ಪಾಯಿಂಟಿನ ಅಕ್ಷರಕ್ಕೆ 50 ಪಿಕ್ಸೆಲ್ ಎತ್ತರ ಸಿಗುತ್ತದೆ. 600ಕ್ಕೆ ಇಳಿಸಿದಾಗ ಅದು 12 ಪಿಕ್ಸೆಲ್. ಇಂಗ್ಲಿಷ್ ಅಕ್ಷರ ಇಷ್ಟರಲ್ಲಿ ಬದುಕಿಕೊಳ್ಳುತ್ತದೆ. ಕನ್ನಡಕ್ಕೆ ಅದೇ 12ರೊಳಗೆ ತಲೆಕಟ್ಟು, ಅಕ್ಷರದ ಮೈ, ಕೆಳಗೆ ಒತ್ತು ಮೂರೂ ಹಿಡಿಸಬೇಕು. ಒತ್ತಕ್ಷರಕ್ಕೆ ದಕ್ಕುವುದು ಮೂರೋ ನಾಲ್ಕೋ ಚುಕ್ಕೆ. ಕೆಳಗಿನ ತಕಾರ ಯಾವುದು, ರಕಾರ ಯಾವುದು, ಕಣ್ಣಿಗೆ ತಿಳಿಯದು. ಪ ಮತ್ತು ಷ, ಧ ಮತ್ತು ದ ಒಂದೇ ಆಗಿಬಿಡುತ್ತವೆ.

ಇದರ ಮೇಲೆ ಜೆಪಿಜಿಯ ಉಪದ್ರವ. ಆ ವಿಧಾನ ಚಿತ್ರವನ್ನು 8 × 8 ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಸೂಕ್ಷ್ಮ ಏರಿಳಿತವನ್ನು ಬಿಟ್ಟುಕೊಟ್ಟು ತೂಕ ಇಳಿಸುತ್ತದೆ. ಮುಖ, ಆಕಾಶ, ಕಡಲು ಇಂಥ ಮೆಲುವಾಗಿ ಬದಲಾಗುವ ಬಣ್ಣಗಳಿಗೆ ಅದು ಹೇಳಿಮಾಡಿಸಿದ್ದು. ಬಿಳಿಯ ಮೇಲಿನ ಕಪ್ಪು ಅಕ್ಷರದ ಚೂಪಾದ ಅಂಚು ಬಂದರೆ ಸುತ್ತ ಕೊಳೆ ಹರಡಿದಂತೆ ಕಾಣುತ್ತದೆ. ಅಕ್ಷರ, ಗೆರೆಚಿತ್ರ, ಲಾಂಛನ, ಸ್ಕ್ರೀನ್‌ಶಾಟ್ ಇವುಗಳಿಗೆ ಪಿಎನ್‌ಜಿಯೇ ಸರಿ. ಅದು ಒಂದು ಚುಕ್ಕೆಯನ್ನೂ ಕಳೆಯುವುದಿಲ್ಲ. ಫೋಟೊಗೆ ಪಿಎನ್‌ಜಿ ಬಳಸಿದರೆ ಮಾತ್ರ ತೂಕ ಹಲವು ಪಟ್ಟು ಏರುತ್ತದೆ.

ಆದರೆ ಪಿಎನ್‌ಜಿ ಮಾಡಿದ ಮಾತ್ರಕ್ಕೆ 12 ಪಿಕ್ಸೆಲ್ 20 ಆಗುವುದಿಲ್ಲ. ಆಮಂತ್ರಣದ ಮೇಲಿನ ಅರ್ಧವನ್ನು, ಅಂದರೆ ಶೀರ್ಷಿಕೆ ಮತ್ತು ಚಿತ್ರ ಇರುವಷ್ಟನ್ನು ಕತ್ತರಿಸಿ 600ಕ್ಕೆ ಇಳಿಸಿ ಮೇಲ್‌ನೊಳಗೆ ಹಾಕಿ. ದಿನ, ಹೊತ್ತು, ಸ್ಥಳ, ಕಲಾವಿದರ ಹೆಸರು ಇವನ್ನು ಅದರ ಕೆಳಗೆ ಟೈಪ್ ಮಾಡಿ. ಪೂರ್ತಿ ಪತ್ರಿಕೆಯ ಪಿಡಿಎಫ್ ಲಗತ್ತಾಗಿ ಹೋಗಲಿ. ಟೈಪ್ ಮಾಡಿದ ವಿಳಾಸವನ್ನು ಒತ್ತಿ ಹಿಡಿದು ನಕ್ಷೆಗೆ ಹಾಕಿಕೊಳ್ಳಬಹುದು. ಚಿತ್ರದಲ್ಲಿರುವ ವಿಳಾಸಕ್ಕೆ ಆ ಸೌಕರ್ಯ ಎಲ್ಲರ ಫೋನಿನಲ್ಲೂ ಇರುವುದಿಲ್ಲ.

ನಮ್ಮ ಸಂಘಗಳು ಬರಹವನ್ನೂ ಚಿತ್ರವಾಗಿಯೇ ಕಳಿಸುವುದಕ್ಕೆ ಹಳೆಯ ಕಾರಣವೊಂದಿದೆ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆಯುತ್ತಿತ್ತು. ಆಗ ಚಿತ್ರವೇ ಗತಿ. ಫೋನಿನ ಕನ್ನಡ ಕೀಲಿಮಣೆಯಲ್ಲಿ ಬರೆದದ್ದು ಯೂನಿಕೋಡ್‌ನಲ್ಲೇ ಇರುತ್ತದೆ, ಎಲ್ಲಿಯೂ ಕೆಡುವುದಿಲ್ಲ. ಮುದ್ರಣಾಲಯದವರ ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ಎಡವುವುದು ಹೆಚ್ಚಾಗಿ ಅಲ್ಲಿಯೇ.

ಪ್ರಶ್ನೆ: ನನ್ನ ಬಳಿ ಕಂಪ್ಯೂಟರ್ ಇಲ್ಲ, ಫೋನ್ ಒಂದೇ. ಕುಗ್ಗಿಸುವುದು ಹೇಗೆ?
– ಓದುಗರು, ವಾಸ್ಕೊ, ಗೋವಾ

ಉತ್ತರ: ಐಫೋನ್ ಆದರೆ ಅದರದೇ ‘ಮೇಲ್’ ಆ್ಯಪ್‌ನಲ್ಲಿ ಫೋಟೊ ಹಾಕಿ ಕಳಿಸಹೊರಟಾಗ, ದೊಡ್ಡದಿದ್ದರೆ ‘ಸ್ಮಾಲ್, ಮೀಡಿಯಂ, ಲಾರ್ಜ್, ಆಕ್ಚುವಲ್ ಸೈಜ್’ ಎಂದು ಅದೇ ಕೇಳುತ್ತದೆ, ತೂಕವನ್ನೂ ತೋರಿಸುತ್ತದೆ. ಮೀಡಿಯಂ ಸಾಕು. ಇಲ್ಲಿ ಕುಗ್ಗುವುದು ನಿಜವಾಗಿಯೂ ಫೈಲೇ. ನೋಡುವವರು ‘ಫೋಟೊ ತೆರೆಯುತ್ತಿಲ್ಲ’ ಎಂದರೆ ಅದು ಎಚ್‌ಇಐಸಿ ರೂಪದಲ್ಲಿ ಹೋಗಿರಬಹುದು. 2017ರಿಂದ ಐಫೋನುಗಳು ಹಾಗೆ ಉಳಿಸಿಡುತ್ತವೆ, ಹಳೆಯ ಕಂಪ್ಯೂಟರುಗಳಿಗೆ ಅದು ಅರ್ಥವಾಗದು. ‘ಸೆಟ್ಟಿಂಗ್ಸ್’, ‘ಕ್ಯಾಮೆರಾ’, ‘ಫಾರ್ಮ್ಯಾಟ್ಸ್’ ಒಳಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಮಾಡಿದರೆ ಮುಂದಿನವು ಜೆಪಿಜಿಯಲ್ಲಿ ಬರುತ್ತವೆ.

ಆಂಡ್ರಾಯ್ಡ್‌ನಲ್ಲಿ ಫೋನ್ ಯಾವುದು ಎಂಬುದರ ಮೇಲೆ ಹೋಗುತ್ತದೆ. ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ ಫೋಟೊ ಎಡಿಟ್‌ಗೆ ತೆರೆದು ಮೂರು ಚುಕ್ಕೆ ಒತ್ತಿದರೆ ‘ರೀಸೈಜ್’ ಸಿಗುತ್ತದೆ. ಗ್ಯಾಲರಿಯಲ್ಲಿ ಅಂಥದ್ದಿಲ್ಲದ ಫೋನುಗಳಲ್ಲಿ ಕ್ರಾಪ್ ಮಾಡಿ ಕುಗ್ಗಿಸಿದೆವು ಎಂದುಕೊಳ್ಳುವವರು ಬಹಳ. ಕ್ರಾಪ್ ಅಂಚು ಕತ್ತರಿಸುತ್ತದೆ, ಉಳಿದ ಭಾಗದ ಚುಕ್ಕೆಗಳು ಹಾಗೇ ಇರುತ್ತವೆ. ಹೊಸ ಆ್ಯಪ್ ಬೇಡ ಎನ್ನುವವರಿಗೆ ಸುಲಭದ ದಾರಿ ವಾಟ್ಸ್ಆ್ಯಪ್: ಎಚ್‌ಡಿ ಆರಿಸದೆ ನಿಮಗೆ ನೀವೇ ಫೋಟೊ ಕಳಿಸಿಕೊಳ್ಳಿ. ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ, ತೂಕ ಕೆಲವು ನೂರು ಕೆಬಿಗೆ ಇಳಿದಿರುತ್ತದೆ. ಆ ಕಳಿಸಿದ ಪ್ರತಿಯಿಂದಲೇ ‘ಶೇರ್’ ಒತ್ತಿ ಜಿಮೇಲ್‌ಗೆ ಹಾಕಿ. ಆಂಡ್ರಾಯ್ಡ್‌ನ ಜಿಮೇಲ್‌ನಲ್ಲಿ ಹೀಗೆ ಸೇರಿಸಿದ ಫೋಟೊ ಬರಹದ ನಡುವೆ ಕೂರದೆ ಕೆಳಗೆ ಲಗತ್ತಾಗಿ ಹೋಗುತ್ತದೆ. ನಾಲ್ಕು ಜನ ನೋಡುವ ಮನೆಯ ಮೇಲ್‌ಗೆ ಅದರಿಂದ ನಷ್ಟವೇನೂ ಇಲ್ಲ.

ಪ್ರಶ್ನೆ: ನಾನು ಮೇಲ್ ನಡುವೆ ಹಾಕಿದ ಫೋಟೊ ಕೆಲವರಿಗೆ ಕೆಳಗೆ ‘ಇಮೇಜ್001’ ಎಂಬ ಲಗತ್ತಾಗಿ ಕಾಣುತ್ತದೆ, ಒಬ್ಬರಿಗೆ ‘ವಿನ್‌ಮೇಲ್.ಡ್ಯಾಟ್’ ಎಂಬ ತೆರೆಯದ ಫೈಲು ಹೋಗಿದೆ.
– ಓದುಗರು, ಠಾಣೆ

ಉತ್ತರ: ನೀವು ಬಳಸುವುದು ಔಟ್‌ಲುಕ್ ಎಂದು ಆ ಹೆಸರುಗಳೇ ಹೇಳುತ್ತವೆ. ಬರಹದ ನಡುವಿನ ಫೋಟೊ ಕೂಡ ತಾಂತ್ರಿಕವಾಗಿ ಲಗತ್ತೇ. ‘ಇಂಥ ಗುರುತಿನ ಲಗತ್ತನ್ನು ಇಲ್ಲಿ ತೋರಿಸು’ ಎಂಬ ಸೂಚನೆ ಮೇಲ್‌ನೊಳಗೆ ಇರುತ್ತದೆ. ಪಡೆದವರು ಬರೀ ಅಕ್ಷರದ ರೂಪದಲ್ಲಿ ಮೇಲ್ ನೋಡುತ್ತಿದ್ದರೆ ಸೂಚನೆ ಉದುರಿ ಲಗತ್ತು ಮಾತ್ರ ಉಳಿಯುತ್ತದೆ. ಅದು ಅವರ ಕಡೆಯ ಹೊಂದಿಕೆ. ಎರಡನೆಯದು ನಿಮ್ಮ ಕಡೆಯದು: ಮೇಲ್ ‘ರಿಚ್ ಟೆಕ್ಸ್ಟ್’ ರೂಪದಲ್ಲಿ ಹೋಗಿದೆ, ಔಟ್‌ಲುಕ್ ಅಲ್ಲದವುಗಳಿಗೆ ಆ ಪೊಟ್ಟಣ ಬಿಚ್ಚಲು ಬಾರದು. ಬರೆಯುವಾಗ ‘ಫಾರ್ಮ್ಯಾಟ್ ಟೆಕ್ಸ್ಟ್’ಗೆ ಹೋಗಿ ‘ಎಚ್‌ಟಿಎಂಎಲ್’ ಆರಿಸಿ.

ಸಹಿಯ ಕೆಳಗಿನ ಲಾಂಛನವನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಿ. 150–200 ಪಿಕ್ಸೆಲ್ ಅಗಲದ ಪಿಎನ್‌ಜಿ ಸಾಕು. ಅಲ್ಲಿ 2 ಎಂಬಿಯದು ಕೂತಿದ್ದರೆ ‘ಸರಿ’ ಎಂಬ ಒಂದು ಪದದ ಉತ್ತರವೂ 2 ಎಂಬಿ ಹೊತ್ತುಕೊಂಡೇ ಓಡಾಡುತ್ತದೆ.

ಪ್ರಶ್ನೆ: ಬಾಡಿಗೆಗೆ ಕೊಡುವ ಮನೆಯ ಫೋಟೊ ಮೇಲ್‌ನಲ್ಲಿ ಕಳಿಸಿದರೆ ಕೆಲವರಿಗೆ ಅಡ್ಡ ಮಲಗಿ ಕಾಣುತ್ತದೆ. ನನ್ನ ಫೋನಿನಲ್ಲಿ ನೆಟ್ಟಗೇ ಇದೆ.
– ಓದುಗರು, ಮಾಪ್ಸಾ, ಗೋವಾ

ಉತ್ತರ: ಫೋನನ್ನು ನಿಲ್ಲಿಸಿ ಹಿಡಿದು ತೆಗೆದರೂ ಒಳಗಿನ ಸಂವೇದಕ ಚಿತ್ರವನ್ನು ಅಡ್ಡವಾಗಿಯೇ ಬರೆದು, ‘ತೋರಿಸುವಾಗ ತಿರುಗಿಸು’ ಎಂಬ ಚೀಟಿಯನ್ನು ಫೈಲಿಗೆ ಅಂಟಿಸಿರುತ್ತದೆ. ಕೆಲವು ಮೇಲ್ ತಂತ್ರಾಂಶಗಳು ಚೀಟಿ ಓದುವುದಿಲ್ಲ. ಒಂದೆರಡು ಫೋಟೊ ಆದರೆ ಕಂಪ್ಯೂಟರಿನಲ್ಲಿ ನೆಟ್ಟಗೆ ತೆರೆದಿಟ್ಟು, ವಿಂಡೋಸ್, ಶಿಫ್ಟ್, ಎಸ್ ಮೂರೂ ಒತ್ತಿ ಅಷ್ಟು ಭಾಗದ ಸ್ಕ್ರೀನ್‌ಶಾಟ್ ತೆಗೆದು ಜೆಪಿಜಿಯಾಗಿ ಸೇವ್ ಮಾಡಿ. ತಿರುಗಿಸುವ ಚೀಟಿಯ ಜಂಜಾಟ ಹೋಯಿತು, ಗಾತ್ರವೂ ಪರದೆಯದೇ ಆಯಿತು.

ಅದೇ ಚೀಟಿಯ ಪಕ್ಕ ಇನ್ನೊಂದು ಇರಬಹುದು: ಫೋಟೊ ತೆಗೆದ ಜಾಗದ ಅಕ್ಷಾಂಶ, ರೇಖಾಂಶ. ಕ್ಯಾಮೆರಾಗೆ ಲೊಕೇಶನ್ ಅನುಮತಿ ಇದ್ದರೆ ಮೂಲ ಫೈಲಿನ ಜೊತೆ ಮನೆ ಎಲ್ಲಿದೆ ಎನ್ನುವುದೂ ಅಪರಿಚಿತರ ಕೈಸೇರುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಅದು ಇರುವುದಿಲ್ಲ. ಮೂಲವನ್ನೇ ಕಳಿಸಬೇಕಾದರೆ ವಿಂಡೋಸ್‌ನಲ್ಲಿ ಫೈಲಿನ ‘ಪ್ರಾಪರ್ಟೀಸ್’, ‘ಡೀಟೇಲ್ಸ್’ ತೆರೆದು, ಕೆಳಗಿನ ‘ರಿಮೂವ್ ಪ್ರಾಪರ್ಟೀಸ್’ ಸಾಲನ್ನು ಒತ್ತಿ ಅಳಿಸಿ.

ಪ್ರಶ್ನೆ: ಸ್ಮರಣ ಸಂಚಿಕೆಗೆ ಫೋಟೊ ಬೇಕು. ಮೇಲ್‌ನಲ್ಲಿ ಬಂದ 600 ಪಿಕ್ಸೆಲ್‌ನದು ಮಾತ್ರ ಇದೆ. ದೊಡ್ಡದು ಮಾಡಬಹುದೇ?
– ಓದುಗರು, ಚಿಂಚ್‌ವಡ್, ಪುಣೆ

ಉತ್ತರ: ಬೇಡ. ಮುದ್ರಣಕ್ಕೆ ಇಂಚಿಗೆ 300 ಚುಕ್ಕೆ ಬೇಕು, 600ಕ್ಕೆ ಸಿಗುವುದು ಎರಡು ಇಂಚು ಅಗಲ. ದೊಡ್ಡದು ಮಾಡಿದರೆ ಕಳೆದುಹೋದ ಚುಕ್ಕೆಗಳು ಮರಳುವುದಿಲ್ಲ. ತಂತ್ರಾಂಶ ನಡುವೆ ಊಹಿಸಿ ತುಂಬುತ್ತದೆ, ಮುಖಗಳು ಮೇಣ ಹಚ್ಚಿದಂತಾಗುತ್ತವೆ. ತೆಗೆದವರ ಫೋನಿನಿಂದ ಮೂಲವನ್ನು ತರಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಗ್ಯಾಲರಿಯ ಗುರುತು ಬಿಟ್ಟು ‘ಡಾಕ್ಯುಮೆಂಟ್’ ಮೂಲಕ ಕಳಿಸಲು ಹೇಳಿ, ಆಗ ಒಂದು ಚುಕ್ಕೆಯೂ ಕಳೆಯದೆ ಬರುತ್ತದೆ.